ತಕ್ಕಡಿ ಅಕ್ಕನ ಪ್ರೋಗ್ರಾಮು

ಅವಳಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಈಗ ಅದು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಂತಿಲ್ಲ. ಕಡವಿನಲ್ಲಿ ಎಲ್ಲರಿಗೂ ಅವಳು ತಕ್ಕಡಿ ಅಕ್ಕ. ಹೊಳೆ ದಾಟಿಸುವ ಲಾಂಚಿಗೆ ಏರುವ ಪ್ರತಿ ಮನುಷ್ಯ, ಪ್ರತಿ ಮೂಟೆ, ಪ್ರತಿ ಬುಟ್ಟಿ, ಪ್ರತಿ ಎಣ್ಣೆ ಡಬ್ಬ ಅವಳ ತೂಕದ ಹಲಗೆ ಹತ್ತಿ ಇಳಿದೇ ಮುಂದೆ ಹೋಗಬೇಕು. ಲಾಂಚು ಹೊರಬಹುದಾದದ್ದು ಒಂಬತ್ತು ಸಾವಿರ ಕೆಜಿ. ಅದರ ಮೇಲೆ ಒಂದು ಕುಂಬಳಕಾಯಿ ಹೆಚ್ಚಾದರೂ "ಇಳಿಸು" ಅನ್ನುವ ಹೆಂಗಸು. ಹದಿನೆಂಟು ವರ್ಷ ಅದೇ ತಗಡಿನ ಶೆಡ್ಡಿನಲ್ಲಿ ಕೂತು ಸ್ಲೇಟಿನ ಮೇಲೆ ಸೀಮೆಸುಣ್ಣದಿಂದ ತೂಕ ಕೂಡಿದಳು. ಅವಳ ಹತ್ತಿರ ವಾದ ಮಾಡಿ ಗೆದ್ದವರು ಆ ದಡದಲ್ಲೂ ಇಲ್ಲ, ಈ ದಡದಲ್ಲೂ ಇಲ್ಲ.

ಗಂಡ ಅದೇ ಲಾಂಚಿನ ಡ್ರೈವರ್. ಮಾತು ಕಡಿಮೆ, ಕೈ ಗಟ್ಟಿ. ಹೆಂಡತಿಯ ಸ್ಲೇಟು ಎಷ್ಟೇ ಹೇಳಲಿ, ಹೊರಡುವ ಮುಂಚೆ ಅವನದೊಂದು ಪರೀಕ್ಷೆ ಇತ್ತು. ಲಾಂಚಿನ ಹೊಟ್ಟೆಯ ಸುತ್ತ ಒಂದು ಬಿಳಿ ಗೆರೆ ಬಳಿದಿದ್ದರು. ಗೆರೆ ನೀರಿನ ಮೇಲೆ ಕಂಡರೆ ಹೊರಡಬಹುದು, ಮುಳುಗಿದರೆ ಭಾರ ಇಳಿಸಬೇಕು. ದಡಕ್ಕೆ ಉಜ್ಜದಿರಲೆಂದು ಅಂಚಿಗೆ ನೇತುಹಾಕಿದ ಹಳೆಯ ಟೈರುಗಳು ಆ ಗೆರೆಯನ್ನು ಮುಚ್ಚಿಬಿಡುತ್ತಿದ್ದವು. ಹಾಗಾಗಿ ಅವನು ಪ್ರತಿ ಸಲವೂ ಮಂಡಿಯೂರಿ, ಒಂದು ಟೈರು ಎತ್ತಿ, ಬಗ್ಗಿ ನೋಡಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎಂಜಿನ್ ಹಚ್ಚುತ್ತಿದ್ದ.

ಅಕ್ಕನಿಗೆ ನಲವತ್ತೊಂದನೆಯ ವಯಸ್ಸಿನಲ್ಲಿ ಸೀಮೆಸುಣ್ಣದ ಧೂಳಿಗೆ ಕೆಮ್ಮು ಹಿಡಿಯಿತು. ಸ್ಲೇಟು ಬಿಡಿ ಎಂದರು ವೈದ್ಯರು. ಸ್ಲೇಟು ಬಿಟ್ಟು ಇನ್ನೇನು ಹಿಡಿಯುವುದು? ಊರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಶನಿವಾರ ಸಂಜೆ ದೊಡ್ಡವರಿಗೆ ಕಂಪ್ಯೂಟರ್ ತರಗತಿ ನಡೆಯುತ್ತಿತ್ತು. ಹೋಗಿ ಕೂತಳು. ಕಲಿಸುವ ಮೇಡಂ ಅವಳ ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು ಅಷ್ಟೆ. ಉಳಿದವರು ಚಿತ್ರ ಬರೆಯುವುದು, ಕಾಗದ ಬರೆಯುವುದು ಕಲಿತು ಮನೆಗೆ ಹೋದರೆ ಅಕ್ಕ ಕಪ್ಪು ಪರದೆಯನ್ನು ಹಿಡಿದು ಕೂತಳು. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ನೀನು ಬರೆದ ಪ್ರೋಗ್ರಾಮು ಒಂದು ಪ್ರಶ್ನೆ ಕೇಳುತ್ತದೆ, ಎದುರಿಗಿದ್ದವರು ಉತ್ತರ ಒತ್ತುತ್ತಾರೆ, ಅದು ಇನ್ನೊಂದು ಪ್ರಶ್ನೆ ಕೇಳುತ್ತದೆ. ಅವಳಿಗೆ ಅದು ಬಹಳ ಹಿಡಿಸಿತು. ತಾನೂ ದಿನವಿಡೀ ಕಡವಿನಲ್ಲಿ ಮಾಡುವುದು ಅದನ್ನೇ ತಾನೆ?

ಆರು ತಿಂಗಳಾಗುವಷ್ಟರಲ್ಲಿ ಅವಳದೇ ಪ್ರೋಗ್ರಾಮು ಎದ್ದುನಿಂತಿತು. "ತೂಕ?" ಎಂದು ಕೇಳುತ್ತದೆ. ಅಂಕಿ ಒತ್ತಿ ಎಂಟರ್ ಹೊಡೆದರೆ ಮತ್ತೆ "ತೂಕ?" ಎನ್ನುತ್ತದೆ. ಎಲ್ಲ ಮುಗಿದ ಮೇಲೆ ಏನೂ ಒತ್ತದೆ ಬರೀ ಎಂಟರ್ ಹೊಡೆದರೆ ಒಟ್ಟು ಭಾರ ಎಷ್ಟು, ಇನ್ನೆಷ್ಟು ಜಾಗವಿದೆ ಎಂದು ಹೇಳುತ್ತದೆ. ಗ್ರಂಥಾಲಯದವರು ಮೂಲೆಗೆ ಹಾಕಿದ್ದ ಹಳೆಯ ಕಂಪ್ಯೂಟರನ್ನು ಕೇಳಿ ತಂದು ಶೆಡ್ಡಿನ ಮೇಜಿನ ಮೇಲಿಟ್ಟಳು.

ಮೊದಲ ವಾರವೇ ಮಾನ ಹೋಯಿತು. ಅವಸರದಲ್ಲಿ ಅಂಕಿಯ ಬದಲು ಪಕ್ಕದ ಅಕ್ಷರವೊಂದು ತಾಗಿತು, ಅಷ್ಟಕ್ಕೇ ಪ್ರೋಗ್ರಾಮು ಪರದೆಯ ತುಂಬ ಇಂಗ್ಲಿಷಿನಲ್ಲಿ ಏನೇನೋ ಕಾರಿಕೊಂಡು ನಿಂತುಬಿಟ್ಟಿತು. ಅಲ್ಲಿಯವರೆಗೆ ಬರೆದ ಇಪ್ಪತ್ತು ತೂಕ ನೀರಿನಲ್ಲಿ ಹೋಮ. ಹಮಾಲರ ಮುಖಂಡ, ಒಂದೇ ಸಲಕ್ಕೆ ಎರಡು ಮೂಟೆ ಹೊರುವುದರಿಂದ ಜೋಡಿಮೂಟೆ ಎಂದೇ ಹೆಸರಾದವನು, ಕಿಟಕಿಯಲ್ಲಿ ತಲೆ ಹಾಕಿ ನೋಡಿದ.

"ಅಕ್ಕನ ಡಬ್ಬಿಗೆ ಜ್ವರ ಬಂತು ಕಣ್ರೋ. ಕಷಾಯ ಕುಡಿಸ್ರೋ," ಎಂದ.

ಸಾಲಿನಲ್ಲಿ ನಿಂತ ಮೂವತ್ತು ಜನ ನಕ್ಕರು. ಅಕ್ಕನ ಮೂಗನ್ನು ಆಡಿಕೊಂಡವರಿದ್ದಾರೆ, ದನಿಯನ್ನು ಆಡಿಕೊಂಡವರಿದ್ದಾರೆ, ಅವಳು ಕ್ಯಾರೇ ಅಂದಿಲ್ಲ. ತಕ್ಕಡಿಯನ್ನು ಆಡಿಕೊಂಡದ್ದು ಇದೇ ಮೊದಲು. ಆ ರಾತ್ರಿ ಅನ್ನ ಸೇರಲಿಲ್ಲ. ಆ ಶನಿವಾರ ಮೇಡಂ ಹತ್ತಿರ ಹೋಗಿ, ಇದು ನಿಲ್ಲದ ಹಾಗೆ ಏನಾದರೂ ಮಾಡಿ ಎಂದಳು.

"ನಿಲ್ಲದ ಹಾಗೆ ಮಾಡೋದು ಸುಲಭ ಅಕ್ಕಾ. ಆದ್ರೆ ಎದುರಿಗೆ ಕೂತೋರು ಏನು ಬೇಕಾದ್ರೂ ಒತ್ತಬಹುದು. ಅದಕ್ಕೆ ಏನು ಉತ್ತರ ಕೊಡ್ಬೇಕು ಅಂತ ನಾವು ಮೊದಲೇ ಯೋಚನೆ ಮಾಡ್ಬೇಕು," ಎಂದಳು ಮೇಡಂ.

"ಎದುರಿಗೆ ಕೂರೋಳು ನಾನೊಬ್ಬಳೇ ಅಲ್ವಾ ಮೇಡಂ. ನಿಲ್ಲದಿದ್ರೆ ಸಾಕು."

ಮೇಡಂ ಮುಂದಿನ ವಾರ ವಿವರವಾಗಿ ನೋಡೋಣ ಎಂದಳು. ಅಕ್ಕನಿಗೆ ವಾರ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಪುಸ್ತಕದಲ್ಲಿ ಹುಡುಕಿ ತಾನೇ ಎರಡು ಸಾಲು ಸೇರಿಸಿದಳು. ಒತ್ತಿದ್ದು ಅಂಕಿಯೆಂದು ಅರ್ಥವಾಗದಿದ್ದರೆ ಅದನ್ನು ಸೊನ್ನೆ ಎಂದುಕೊಂಡು ಮುಂದಕ್ಕೆ ಹೋಗು, ಅಷ್ಟೆ. ಬೆರಳು ತಪ್ಪಿದರೆ ತಾನೇ ನೋಡಿಕೊಂಡು ಸರಿಯಾದ ಅಂಕಿಯನ್ನು ಮತ್ತೆ ಒತ್ತುತ್ತೇನೆ ಎಂಬ ಧೈರ್ಯ ಅವಳದು. ಅಂದಿನಿಂದ ಪ್ರೋಗ್ರಾಮು ಒಮ್ಮೆಯೂ ನಿಲ್ಲಲಿಲ್ಲ. ಯಾರೂ ನಗಲಿಲ್ಲ. ಆ ಎರಡು ಸಾಲನ್ನು ಅವಳು ಮತ್ತೆ ತೆರೆದೂ ನೋಡಲಿಲ್ಲ.

ಒಂದು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಗಂಡ ಟೈರು ಎತ್ತದೆ ಎಂಜಿನ್ ಹಚ್ಚಿದ್ದನ್ನು ಕಿಟಕಿಯಿಂದ ಕಂಡಳು. ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದಳು.

"ಯಾಕ್ರೀ, ಇವತ್ತು ಗೆರೆ ನೋಡ್ಲಿಲ್ಲ?"

"ನಿನ್ನ ಡಬ್ಬಿ ಹೇಳಿದ್ಮೇಲೆ ನಾನ್ಯಾಕೆ ಸೊಂಟ ಮುರ್ಕೊಳ್ಳಲಿ," ಎಂದ ಅವನು.

ಆವತ್ತು ಅವಳು ಬೈಯಬೇಕಿತ್ತು. ಬಾಯಿ ಬರದವಳೇನಲ್ಲ, ಬೈಗುಳಕ್ಕೆ ಬರವೂ ಇರಲಿಲ್ಲ. ಆದರೆ ಹದಿನೆಂಟು ವರ್ಷದ ಸ್ಲೇಟಿಗೆ ಸಿಗದ ಮರ್ಯಾದೆ ಈ ಡಬ್ಬಿಗೆ ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿ, ಇನ್ನೊಂದು ಸೌಟು ಸಾರು ಬಡಿಸಿದಳು. ಬಿಳಿ ಗೆರೆಯನ್ನು ಆಮೇಲೆ ಯಾರೂ ನೋಡಲಿಲ್ಲ.

ಈಗ ಮಾವನ ವಿಷಯಕ್ಕೆ ಬರಬೇಕು. ಅಕ್ಕನ ಮಾವ, ಎಂದರೆ ಗಂಡನ ತಂದೆ, ನಲವತ್ತು ವರ್ಷ ನ್ಯಾಯಾಲಯದಲ್ಲಿ ಟೈಪಿಸ್ಟ್ ಆಗಿದ್ದವರು. ಮೆಲುದನಿ, ಇಸ್ತ್ರಿ ಹಾಕಿದ ಅಂಗಿ, ಉಗುರು ಸದಾ ಚೊಕ್ಕ. ಅವರ ಕೈಯಿಂದ ಹೋದ ಕಾಗದ ತಪ್ಪೆಂದು ಒಂದೇ ಒಂದು ಸಲವೂ ವಾಪಸು ಬಂದಿಲ್ಲವಂತೆ. ಅದನ್ನು ಅವರಾಗಿ ಹೇಳಿಕೊಳ್ಳುವವರಲ್ಲ, ಬೇರೆಯವರು ಹೇಳುವ ಹಾಗೆ ಮಾತನ್ನು ತಿರುಗಿಸುವವರು. ಟೈಪಿಸ್ಟ್‌ನ ಕಣ್ಣು ಮುಂದಿಟ್ಟ ಪ್ರತಿಯ ಮೇಲಿರಬೇಕು, ಕೀಲಿಯ ಮೇಲೂ ಅಲ್ಲ, ಹೊಡೆದ ಹಾಳೆಯ ಮೇಲೂ ಅಲ್ಲ ಎಂಬುದು ಅವರ ವಿದ್ಯೆ. ಇನ್ನೊಂದು ವಿದ್ಯೆಯೂ ಇತ್ತು. ಅಂಕಿ ಸಾವಿರ ದಾಟಿದರೆ ನಡುವೆ ಕಾಮಾ ಬೀಳಲೇಬೇಕು. ಕಾಮಾ ಇಲ್ಲದ ಸಾವಿರವನ್ನು ಹಳೆಯ ನ್ಯಾಯಾಧೀಶರೊಬ್ಬರು ಎದುರಿಗೇ ಹರಿದುಹಾಕಿದ್ದರಂತೆ. ಅಂದಿನಿಂದ ಅವರ ಬೆರಳು ತಾನಾಗಿಯೇ ಕಾಮಾ ಹಾಕುತ್ತಿತ್ತು.

ಅಕ್ಕ ಎಲ್ಲಿಗಾದರೂ ಹೋಗಬೇಕಾದರೆ ಶೆಡ್ಡಿನಲ್ಲಿ ಮಾವ ಕೂರುತ್ತಿದ್ದರು. ಎರಡು ಸಲ ಕೂತಿದ್ದರು, ಎರಡು ಸಲವೂ ತರಕಾರಿ ಬುಟ್ಟಿ, ಹಿಟ್ಟಿನ ಚೀಲ, ಸೈಕಲ್ಲು. ಯಾವುದೂ ಸಾವಿರದ ಹತ್ತಿರಕ್ಕೂ ಬಂದಿರಲಿಲ್ಲ. ಎಲ್ಲ ಸುಸೂತ್ರ.

ಮೂರನೆಯ ಸಲ ಅಕ್ಕನ ದವಡೆ ಹಲ್ಲು ಕೈಕೊಟ್ಟಿತು. ಮೂರು ದಿನ ಲವಂಗ ಕಚ್ಚಿಕೊಂಡು ತಳ್ಳಿದವಳು ನಾಲ್ಕನೆಯ ಬೆಳಿಗ್ಗೆ, ಕೀಳಿಸಿಕೊಂಡೇ ಬರುತ್ತೇನೆ ಎಂದು ಹೊರಟಳು. ಹೋಗುವಾಗ ಮಾವನಿಗೆ ಹೇಳಿದಳು.

"ಅದೇ ಮಾವ, ತೂಕ ಒತ್ತಿ, ಎಂಟರ್ ಹೊಡೀರಿ. ಕೊನೇಲಿ ಜಾಗ ಇದೆ ಅಂದ್ರೆ ಹತ್ತಿಸಿ, ಇಲ್ಲ ಅಂದ್ರೆ ನಿಲ್ಸಿ."

"ನೀನು ನಿಶ್ಚಿಂತೆಯಾಗಿ ಹೋಗಿ ಬಾಮ್ಮ," ಎಂದರು ಮಾವ. ಚೀಟಿಗಳನ್ನು ಅಂಚಿಗೆ ಅಂಚು ಸೇರಿಸಿ ಜೋಡಿಸಿಕೊಳ್ಳುತ್ತಿದ್ದರು.

ಹಲ್ಲು ಬೇರು ಸಮೇತ ಬಂತು. ಬಾಯಿ ತುಂಬ ಹತ್ತಿ ತುರುಕಿ, ಒಂದು ಗಂಟೆ ಮಾತಾಡಬೇಡಿ ಎಂದು ಕಳಿಸಿದರು. ಅಕ್ಕನಿಗೆ ಮಾತಾಡಬೇಡಿ ಎನ್ನುವುದು ಮೀನಿಗೆ ಈಜಬೇಡ ಎಂದ ಹಾಗೆ. ಆದರೂ ಅರ್ಧ ಮುಖ ಮರಗಟ್ಟಿತ್ತು, ಸುಮ್ಮನೆ ನಡೆದು ಬಂದಳು. ಕಡವು ತಲುಪಿದಾಗ ಹತ್ತೂ ಮೂವತ್ತೈದು. ಹತ್ತೂವರೆಯ ಲಾಂಚು ಆಗಷ್ಟೇ ದಡ ಬಿಟ್ಟು ಅಲೆ ತಡೆಯಲು ಹೊಳೆಯೊಳಗೆ ಚಾಚಿ ಕಟ್ಟಿದ ಕಲ್ಲುಕಟ್ಟೆಯ ಮರೆಯ ನಿಂತ ನೀರಿನಲ್ಲಿ ಮೆಲ್ಲಗೆ ಹೋಗುತ್ತಿತ್ತು. ಅದರಲ್ಲಿ ಆಚೆ ದಡದ ಕಾಲೇಜಿನಲ್ಲಿ ಪರೀಕ್ಷೆ ಬರೆಯಬೇಕಿದ್ದ ಮಗಳೂ ಇದ್ದಳು.

ಶೆಡ್ಡಿನ ಮುಂದಿನ ಅಂಗಳ ಖಾಲಿಯಾಗಿತ್ತು. ಅಕ್ಕ ಅಲ್ಲೇ ನಿಂತಳು. ಬೆಳಿಗ್ಗೆ ಅವಳು ಹೋಗುವಾಗ ಅಲ್ಲಿ ಆಚೆ ದಡದ ಹೊಸ ಕಟ್ಟಡಕ್ಕೆ ಹೋಗಬೇಕಾದ ಸಿಮೆಂಟು ಎರಡು ರಾಶಿ, ನೆಲಕ್ಕೆ ಹಾಸುವ ಟೈಲ್ಸಿನ ಪೆಟ್ಟಿಗೆಗಳು ಒಂದು ರಾಶಿ ಇದ್ದವು. ಅದಕ್ಕೇ ಬೇರೊಂದು ಸರದಿ ಬೇಕಾಗುತ್ತದೆ ಎಂದು ಅವಳು ಲೆಕ್ಕ ಹಾಕಿಕೊಂಡಿದ್ದಳು.

ಒಳಗೆ ಹೋಗಿ, ಅಂಗಳದ ಕಡೆ ಕೈ ತೋರಿಸಿ, ಹುಬ್ಬು ಏರಿಸಿದಳು.

"ಎಲ್ಲಾ ಹೋಯ್ತಮ್ಮ. ಜಾಗ ಇದೆ ಅಂತು, ಜೋಡಿಮೂಟೆ ಹತ್ತಿಸಿದ. ಇನ್ನೂ ಎರಡು ಸಾವಿರದ ಐನೂರ ಎಪ್ಪತ್ತು ಉಳೀತು," ಎಂದರು ಮಾವ, ಒಪ್ಪವಾಗಿ ಕೆಲಸ ಮುಗಿಸಿದವರ ದನಿಯಲ್ಲಿ.

ಅಕ್ಕ ಪರದೆ ನೋಡಿದಳು. ಒಟ್ಟು ಆರು ಸಾವಿರದ ನಾನೂರ ಮೂವತ್ತು. ಹತ್ತೊಂಬತ್ತು ವರ್ಷ ಆ ಅಂಗಳವನ್ನು ನೋಡಿದ ಕಣ್ಣಿಗೆ ಆ ಅಂಕಿ ಹಿಡಿಸಲಿಲ್ಲ. ಮೂವತ್ತೊಂದು ಜನ, ಅಷ್ಟೂ ಬುಟ್ಟಿ, ಅಷ್ಟೂ ಚೀಲ, ಅದರ ಮೇಲೆ ಸಿಮೆಂಟು, ಟೈಲ್ಸು, ಎಲ್ಲ ಸೇರಿ ಆರೂವರೆ ಸಾವಿರವೂ ಇಲ್ಲವೇ? ಮೂಲೆಯಲ್ಲಿ ಧೂಳು ಹಿಡಿದಿದ್ದ ಸ್ಲೇಟು ಎಳೆದುಕೊಂಡಳು. ಮಾವನ ಚೀಟಿಗಳು ಮುತ್ತು ಪೋಣಿಸಿದ ಹಾಗಿದ್ದವು, ಒಂದೊಂದನ್ನೇ ನೋಡಿ ಕೂಡುತ್ತ ಬಂದಳು. ಸೀಮೆಸುಣ್ಣ ಎರಡು ಸಲ ಮುರಿಯಿತು.

ಹತ್ತು ಸಾವಿರದ ನೂರ ಎಂಬತ್ತು.

ತಪ್ಪಿರಬೇಕು ಎಂದು ಇನ್ನೊಮ್ಮೆ ಕೂಡಿದಳು. ಅಷ್ಟೇ ಬಂತು. ಎರಡರ ನಡುವಿನ ವ್ಯತ್ಯಾಸ ಮೂರು ಸಾವಿರದ ಏಳುನೂರ ಐವತ್ತು. ಚೀಟಿಗಳಲ್ಲಿ ಹುಡುಕಿದಳು. ಸಿಮೆಂಟು 1,200. ಸಿಮೆಂಟು 1,200. ಟೈಲ್ಸು 1,350. ಸಾವಿರ ದಾಟಿದ್ದು ಆ ಮೂರೇ, ಮೂರಕ್ಕೂ ನಡುವೆ ಅಚ್ಚುಕಟ್ಟಾದ ಕಾಮಾ. ಪರದೆಯಲ್ಲೂ ಮಾವ ಹಾಗೆಯೇ ಒತ್ತಿದ್ದರು. ಪ್ರೋಗ್ರಾಮಿಗೆ ಅಂಕಿ ಗೊತ್ತು, ಕಾಮಾ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಸೊನ್ನೆ ಎಂದುಕೊಂಡು ಮುಂದೆ ಹೋಗು ಎಂದು ಅದಕ್ಕೆ ಹೇಳಿಕೊಟ್ಟವಳು ಯಾರು? ಲಾಂಚಿನ ಮೇಲಿದ್ದ ಅತಿ ಭಾರದ ಮೂರು ರಾಶಿಗಳನ್ನು ಅದು ಸೊನ್ನೆ, ಸೊನ್ನೆ, ಸೊನ್ನೆ ಎಂದು ಕೂಡಿಕೊಂಡು, ಇನ್ನೂ ಜಾಗವಿದೆ ಎಂದಿತ್ತು.

ಅಕ್ಕ ಒಂಬತ್ತು ಸಾವಿರ ಕಳೆದು ನೋಡಿದಳು. ಒಂದು ಸಾವಿರದ ನೂರ ಎಂಬತ್ತು ಕೆಜಿ ಹೆಚ್ಚು. ಕಟ್ಟೆಯ ಮರೆ ದಾಟುವವರೆಗೆ ತೊಂದರೆಯಿಲ್ಲ, ಅಲ್ಲಿ ನೀರು ಅಲುಗಾಡುವುದಿಲ್ಲ. ಮರೆ ದಾಟಿದರೆ ನಡುಹೊಳೆ. ಹನ್ನೊಂದರ ಹೊತ್ತಿಗೆ ಅಲ್ಲಿ ಗಾಳಿ ಏಳುತ್ತದೆ, ಅದು ದಿನದ ಕಥೆ. ಸರಿಯಾದ ಭಾರದ ಲಾಂಚಿಗೆ ಆ ಅಲೆ ಆಟ. ಅಂಚು ನೀರಿನ ಮೇಲೆ ಗೇಣಷ್ಟೂ ಉಳಿಯದ ಲಾಂಚಿಗೆ ಎರಡು ಅಲೆ ಒಳಗೆ ಬಂದರೆ ಮೂರನೆಯದು ಬೇಕಾಗಿಲ್ಲ. ಮಗಳು, ಗಂಡ, ಮೂವತ್ತು ಜನ.

ಗೋಡೆಯ ಗಡಿಯಾರದಲ್ಲಿ ಹತ್ತೂ ನಲವತ್ತೆರಡು. ಗಂಡನ ಫೋನಿಗೆ ಹೊಡೆದಳು. ರಿಂಗಾಯಿತು, ರಿಂಗಾಯಿತು. ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಯಾವತ್ತು ಕೇಳಿಸಿದೆ? ಮಗಳಿಗೆ ಹೊಡೆದಳು. ಎತ್ತಿದಳು.

ಅಕ್ಕ ಹೇಳಲು ಬಾಯಿ ತೆರೆದರೆ ಬಂದದ್ದು ಬರೀ ಗಳಗಳ ಸದ್ದು. ಹತ್ತಿಯನ್ನು ಉಗಿದಳು, ನೆಲದ ಮೇಲೆ ರಕ್ತ ಬಿತ್ತು. ನಾಲಿಗೆ ತನ್ನದಲ್ಲ ಎಂಬಂತೆ ಬಿದ್ದುಕೊಂಡಿತ್ತು. ಹೊಳೆಯ ಆಚೆ ದಡಕ್ಕೂ ಕೇಳುವ ಹಾಗೆ ಹತ್ತೊಂಬತ್ತು ವರ್ಷ ಕೂಗಿದ ಹೆಂಗಸು, ಬೇಕಾದ ದಿನ ಒಂದು ಮಾತು ಆಡಲಾರದೆ ನಿಂತಳು.

"ಏನಮ್ಮಾ? ಹಲ್ಲು ಕಿತ್ರಾ? ಸುಮ್ನೆ ಮಲ್ಕೋ ಹೋಗು, ಆಮೇಲೆ ಮಾತಾಡೋಣ," ಎಂದಳು ಮಗಳು ನಗುತ್ತ.

ಅಕ್ಕ ಫೋನನ್ನು ಮಾವನ ಕೈಗೆ ತುರುಕಿ, ಸ್ಲೇಟನ್ನು ಅವರ ಮುಖದ ಮುಂದೆ ಹಿಡಿದಳು. ಅದರ ಮೇಲೆ ಎರಡು ಅಂಕಿಗಳು, ಆರು ಸಾವಿರದ್ದೊಂದು, ಹತ್ತು ಸಾವಿರದ್ದೊಂದು. ಬೆರಳಿನಿಂದ ಪರದೆ ತೋರಿಸಿದಳು, ಹೊಳೆ ತೋರಿಸಿದಳು. ಮಾವ ಸ್ಲೇಟು ಓದಿದರು. ಅವರ ಮುಖದ ಬಣ್ಣ ಇಳಿದದ್ದನ್ನು ಅವಳು ಕಂಡಳು. ಆದರೆ ದನಿ ಇಳಿಯಲಿಲ್ಲ. ನಲವತ್ತು ವರ್ಷ ಬೇರೆಯವರ ಮಾತನ್ನು ಒಂದಕ್ಷರ ಬಿಡದೆ ಹಿಡಿದ ಮನುಷ್ಯ, ಈಗ ಒಂದೊಂದೇ ಮಾತನ್ನು ಬಿಡಿಬಿಡಿಯಾಗಿ ಹೇಳಿದರು.

"ಮಗೂ, ನಗಬೇಡ, ಕೇಳು. ನಾನು ಹೇಳಿದ್ದನ್ನ ಹಾಗೇ ನಿಮ್ಮಪ್ಪನಿಗೆ ಹೇಳು. ಭಾರ ಸಾವಿರದ ನೂರ ಎಂಬತ್ತು ಕೆಜಿ ಜಾಸ್ತಿ ಆಗಿದೆ. ಟೈರ್ ಎತ್ತಿ ಬಿಳಿ ಗೆರೆ ನೋಡು ಅನ್ನು. ಗಾಬರಿ ಬೇಡ. ಫೋನ್ ಇಡಬೇಡ."

ಫೋನಿನಲ್ಲಿ ಎಂಜಿನ್ನಿನ ಸದ್ದು ದೊಡ್ಡದಾಯಿತು. ಮಗಳು ಹಿಂಬದಿಗೆ ಹೋಗುತ್ತಿದ್ದಳು. ಯಾರದೋ ಕೋಳಿ ಕೂಗಿತು, ಯಾರೋ ಕಾಲು ತುಳಿದೆಯೆಂದು ಬೈದರು. ಅಕ್ಕ ಕಿಟಕಿಯ ಸರಳು ಹಿಡಿದು ನಿಂತಳು. ಕಟ್ಟೆಯ ತುದಿಗೆ ಲಾಂಚು ಇನ್ನೂ ಸ್ವಲ್ಪ ದೂರದಲ್ಲಿತ್ತು. ಆಚೆಯ ನೀರಿನ ಬಣ್ಣ ಆಗಲೇ ಬದಲಾಗಿತ್ತು.

"ತಾತಾ." ಮಗಳ ದನಿಯಲ್ಲಿ ನಗು ಇರಲಿಲ್ಲ. "ಅಪ್ಪ ಟೈರ್ ಎತ್ತಿ ನೋಡ್ತಿದ್ದಾರೆ. ಗೆರೆ ಕಾಣ್ತಿಲ್ಲ."

"ಇನ್ನೊಂದು ಕಡೆ?"

"ಅಲ್ಲೂ ಇಲ್ಲ ತಾತ. ನೀರು ಅಂಚಿಗೇ ಇದೆ."

ವಾಪಸು ತಿರುಗಿಸು ಎಂದು ಅಕ್ಕ ಕೈ ಬೀಸಿದಳು. ಮಾವ ಹಾಗೆಯೇ ಹೇಳಿದರು. ಅತ್ತಲಿಂದ ಉತ್ತರ ಬಂತು. ತಿರುಗಿಸಲು ಆಗುವುದಿಲ್ಲವಂತೆ. ಕಟ್ಟೆಯ ಮರೆಯಲ್ಲಿ ತಿರುಗಲು ಅಗಲ ಸಾಲದು, ಹೊರಗೆ ಹೋಗಿ ತಿರುಗಿಸಬೇಕಾದರೆ ಪಕ್ಕ ಅಲೆಗೆ ಒಡ್ಡಬೇಕು, ಇಷ್ಟು ಭಾರಕ್ಕೆ ಅದು ಬಗ್ಗಿದರೆ ಏಳುವುದಿಲ್ಲ. ಕಟ್ಟೆಯ ತುದಿಯಾಚೆ ಎಡಕ್ಕೆ ಇರುವ ಮರಳುದಿಬ್ಬಕ್ಕೆ ಮೆಲ್ಲಗೆ ಒಯ್ದು ಹತ್ತಿಸುತ್ತಾನಂತೆ. ಎಲ್ಲರೂ ನಡುವಿಗೆ ಸರಿದು ನೆಲದ ಮೇಲೆ ಕೂರಬೇಕಂತೆ, ಯಾರೂ ಏಳಕೂಡದಂತೆ.

"ಅಪ್ಪ ಫೋನ್ ಇಡು ಅಂತಿದ್ದಾರೆ," ಎಂದಳು ಮಗಳು. ಆಮೇಲೆ ಸದ್ದಿಲ್ಲ.

ಆ ಹೊತ್ತು ಎಷ್ಟು ಉದ್ದವಿತ್ತೆಂದು ಗಡಿಯಾರ ಹೇಳುತ್ತದೆ. ಹನ್ನೊಂದು ನಿಮಿಷ. ಅಕ್ಕನನ್ನು ಕೇಳಿದರೆ ಬೇರೆ ಹೇಳುತ್ತಾಳೆ. ದಡದ ಮೇಲೆ ಹಮಾಲರು ಒಬ್ಬೊಬ್ಬರಾಗಿ ಬಂದು ನಿಂತರು. ಜೋಡಿಮೂಟೆ ಏನಾಯಿತೆಂದು ಕೇಳಿ, ಕೇಳಿದ ಮೇಲೆ ತಲೆಯ ಟವೆಲ್ಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಲಾಂಚು ಕಟ್ಟೆಯ ತುದಿ ದಾಟಿ ಎಡಕ್ಕೆ ಬಾಗಿತು. ಮೊದಲ ಅಲೆಗೆ ಮೂಗು ಎತ್ತಿತು, ಎರಡನೆಯದಕ್ಕೆ ಎತ್ತಲಿಲ್ಲ. ಬಿಳಿ ನೊರೆ ಅಂಚು ಹಾರಿ ಒಳಗೆ ಬಿದ್ದದ್ದು ಇಷ್ಟು ದೂರಕ್ಕೂ ಕಂಡಿತು. ಜನ ಕಿರುಚಿದ್ದು ಸಣ್ಣದಾಗಿ, ತಡವಾಗಿ ಕೇಳಿಸಿತು. ಅಕ್ಕನ ಬಾಯಿಂದ ರಕ್ತ ಗಲ್ಲದ ಮೇಲೆ ಇಳಿಯುತ್ತಿತ್ತು, ಅವಳಿಗೆ ಗೊತ್ತಾಗಲಿಲ್ಲ. ಜೀವಮಾನದಲ್ಲಿ ಯಾರಿಗೂ ಕೈಮುಗಿದು ಬೇಡದವಳು ಹೊಳೆಗೆ ಕೈಮುಗಿದಳು.

ಆಮೇಲೆ ಲಾಂಚು ಒಮ್ಮೆ ಮುಗ್ಗರಿಸಿ ನಿಂತಿತು. ಒಬ್ಬ ಮನುಷ್ಯ ಅಂಚಿನಿಂದ ಕೆಳಗಿಳಿದ. ನೀರು ಅವನ ಮಂಡಿಯವರೆಗೆ ಮಾತ್ರ ಬಂತು. ಅವನು ಎರಡೂ ಕೈ ಚಾಚಿ ಮೊದಲು ಒಂದು ಮಗುವನ್ನು, ಆಮೇಲೆ ಮಗುವಿನ ಅಜ್ಜಿಯನ್ನು ಇಳಿಸಿಕೊಂಡ. ಅಂಗಿಯ ಬಣ್ಣದಿಂದ ಅಕ್ಕ ಅವನನ್ನು ಗುರುತಿಸಿದಳು. ಅದು ಅವಳೇ ಬೆಳಿಗ್ಗೆ ತೆಗೆದುಕೊಟ್ಟ ಅಂಗಿ. ಅಲ್ಲೇ ನೆಲಕ್ಕೆ ಕುಸಿದು ಕೂತು, ಅರ್ಧ ಮುಖದಲ್ಲಿ ಅತ್ತಳು.

ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಸಿಮೆಂಟು ನೆನೆದು ಚೀಲ ಚೀಲವೇ ಕಲ್ಲಾಯಿತು. ಮಗಳ ಪರೀಕ್ಷೆ ತಪ್ಪಿತು. ಸಂಜೆ ಲಾಂಚಿನ ಮಾಲೀಕರು ಬಂದು ಶೆಡ್ಡಿನ ಮುಂದೆ ಎಲ್ಲರನ್ನೂ ಸೇರಿಸಿ, ತಪ್ಪು ಯಾರದು ಎಂದು ಕೇಳಿದರು.

"ನಂದು," ಎಂದು ಮಾವ ಎದ್ದು ನಿಂತರು. "ಟೈಪ್ ಮಾಡಿದ್ದು ನಾನು. ಬೇರೆ ಯಾರನ್ನೂ ಏನೂ ಅನ್ನಬೇಡಿ."

ಆ ಮಾತು ಅವರಿಗೆ ಎಷ್ಟು ಭಾರವೆಂದು ಮನೆಯವರಿಗೆ ಮಾತ್ರ ಗೊತ್ತು. ಅಕ್ಕನಿಗೆ ಸುಮ್ಮನಿರಲು ಒಳ್ಳೆಯ ಅವಕಾಶವಿತ್ತು. ಬಾಯಿ ಊದಿತ್ತು, ಯಾರೂ ಅವಳನ್ನು ಕೇಳಿರಲಿಲ್ಲ. ಅವಳ ಹೊಟ್ಟೆಪಾಡೂ ಅದೇ ಶೆಡ್ಡಿನಲ್ಲಿತ್ತು. ಆದರೂ ಎದ್ದಳು.

"ಅವರು ಸರಿಯಾಗೇ ಒತ್ತಿದ್ರು. ಅರ್ಥ ಆಗ್ಲಿಲ್ಲ ಅಂತ ಡಬ್ಬಿ ಹೇಳ್ಬೇಕಿತ್ತು. ಹೇಳ್ಬೇಡ ಅಂತ ಬರೆದೋಳು ನಾನು. ಹಿಂದೆ ಒಮ್ಮೆ ಅದು ನಿಂತಾಗ ಇವರೆಲ್ಲ ನಕ್ಕಿದ್ರು. ಆ ನಾಚಿಕೆಗೆ ಅದರ ಬಾಯಿ ಕಟ್ಟಿಬಿಟ್ಟೆ," ಎಂದಳು ತಡವರಿಸುತ್ತ.

ಜೋಡಿಮೂಟೆ ತಲೆ ತಗ್ಗಿಸಿದ. ಮಾಲೀಕರು, ಪ್ರೋಗ್ರಾಮು ಸರಿಯಾಗುವವರೆಗೆ ಸ್ಲೇಟೇ ಇರಲಿ ಎಂದು ಹೇಳಿ ಹೋದರು. ಗಂಡ ರಾತ್ರಿ ಊಟದ ಹೊತ್ತಿಗೆ ಒಂದೇ ಮಾತು ಆಡಿದ.

"ಗೆರೆ ನೋಡದೆ ಹೊರಟೋನು ನಾನು. ನಿಂದು ಪೂರ್ತಿ ಅಲ್ಲ."

ಶನಿವಾರ ಅವಳು ಮೇಡಂಗೆ ಎಲ್ಲ ಹೇಳಿದಳು. ಮೇಡಂ ಬೈಯಲಿಲ್ಲ, ಅದೇ ಕಷ್ಟವಾಯಿತು. ಆ ಎರಡು ಸಾಲನ್ನು ಪರದೆಯ ಮೇಲೆ ತೆರೆದು ನೋಡುತ್ತ, "ಗೊತ್ತಿಲ್ಲ ಅನ್ನೋದನ್ನ ಕಲಿಸೋ ಬದಲು ಇದಕ್ಕೆ ಸುಳ್ಳು ಹೇಳೋದು ಕಲಿಸಿದ್ರಿ ಅಕ್ಕಾ. ನಾನೂ ಆವತ್ತೇ ಕೂರಿಸಿ ಹೇಳ್ಕೊಡ್ಬೇಕಿತ್ತು," ಎಂದಳು.

ಅಕ್ಕ ಎರಡು ವಾರ ಕೂತು ಮತ್ತೆ ಬರೆದಳು. ಈಗ ಅದು ಅರ್ಥವಾಗದ್ದನ್ನು ನುಂಗುವುದಿಲ್ಲ. "ತಿಳಿಯಲಿಲ್ಲ, ಮತ್ತೆ ಹೇಳಿ" ಎಂದು ಅದೇ ಪ್ರಶ್ನೆಯ ಮುಂದೆ ನಿಲ್ಲುತ್ತದೆ. ಹಿಂದಿನ ತೂಕಗಳನ್ನು ಮರೆಯುವುದಿಲ್ಲ, ಸರಿಯಾದ ಉತ್ತರ ಬರುವವರೆಗೆ ಜಗ್ಗುವುದೂ ಇಲ್ಲ. ಎಲ್ಲ ಮುಗಿದ ಮೇಲೆ "ಬಿಳಿ ಗೆರೆ ಕಾಣಿಸುತ್ತಿದೆಯೇ?" ಎಂದು ಕೇಳುತ್ತದೆ. ಬರೀ ಎಂಟರ್ ಹೊಡೆದರೆ ಅದನ್ನು ಹೌದು ಎಂದುಕೊಳ್ಳುವುದಿಲ್ಲ. ಕಾಮಾದ ವಿಷಯದಲ್ಲಿ ಮಾತ್ರ ಅವಳು ತುಂಬ ಯೋಚಿಸಿದಳು. ಕಾಮಾ ಹಾಕಕೂಡದು ಎಂದು ಗೋಡೆಗೆ ಚೀಟಿ ಅಂಟಿಸಬಹುದಿತ್ತು. ಅಂಟಿಸಲಿಲ್ಲ. ನಲವತ್ತು ವರ್ಷದ ಬೆರಳು ಬದಲಾಗಬೇಕೋ, ಒಂದು ವರ್ಷದ ಪ್ರೋಗ್ರಾಮು ಬದಲಾಗಬೇಕೋ?

ಕಷ್ಟವಾದದ್ದು ಮಾವನನ್ನು ಕರೆತರುವುದು. ಆ ದಿನದಿಂದ ಅವರು ಕಡವಿಗೆ ಕಾಲಿಟ್ಟಿರಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಪತ್ರಿಕೆಯನ್ನೂ ಮುಟ್ಟುತ್ತಿರಲಿಲ್ಲ.

"ಬನ್ನಿ ಮಾವ, ಒಂದ್ಸಲ ಒತ್ತಿ ನೋಡಿ."

"ಬೇಡಮ್ಮ. ಈ ಕೈ ಇನ್ನು ಸಾಕು."

"ನಾನೇ ಬರೆದು ನಾನೇ ಒತ್ತಿದ್ರೆ ನನ್ನ ತಪ್ಪು ನನಗೆ ಹೇಗೆ ಕಾಣತ್ತೆ ಮಾವ? ನಿಮ್ಮ ಕೈಯೇ ಬೇಕು."

ಮೂರು ದಿನ ಕರೆದಳು. ನಾಲ್ಕನೆಯ ದಿನ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಅವಳ ಹಿಂದೆ ಬಂದರು. ಅಂದು ಆಚೆ ದಡಕ್ಕೆ ಮತ್ತೆ ಸಿಮೆಂಟು ಹೋಗಬೇಕಿತ್ತು. ಜೋಡಿಮೂಟೆ ತೂಕದ ಹಲಗೆಯ ಪಕ್ಕ ನಿಂತು "ಸಾವಿರದ ಇನ್ನೂರು" ಎಂದು ಕೂಗಿದ. ಮಾವ ಚೀಟಿ ಬರೆದರು. ಕುರ್ಚಿ ಎಳೆದುಕೊಂಡು, ಬೆರಳುಗಳನ್ನು ಕೀಲಿಗಳ ಮೇಲೆ ಹಿಡಿದರು. ಆಮೇಲೆ ಕಣ್ಣು ಚೀಟಿಯ ಮೇಲಿಟ್ಟುಕೊಂಡು ಒತ್ತಿದರು. ಬೆರಳು ತಾನಾಗಿ ಕಾಮಾ ಹಾಕಿತು. ಹಾಕಿದ್ದು ಗೊತ್ತಾದ ಕೂಡಲೇ ಸುಟ್ಟುಕೊಂಡವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡರು.

"ಎಂಟರ್ ಹೊಡೀರಿ ಮಾವ. ಹೊಡೆದು ಪರದೆ ನೋಡಿ," ಎಂದಳು ಅಕ್ಕ.

ಹೊಡೆದರು. ಚೀಟಿಯಿಂದ ಕಣ್ಣು ಎತ್ತಿ ಪರದೆಯನ್ನು ನೋಡಿದರು. ಕಪ್ಪು ಪರದೆಯ ಮೇಲೆ ಒಂದು ಸಾಲು ಬಂದು ನಿಂತಿತ್ತು.

"ಸಾವಿರದ ಇನ್ನೂರು ಕೆಜಿ. ಸರಿಯೇ?"

ಮಾವ ಅದನ್ನು ಓದಿದರು. ಹೊರಗೆ ಹಮಾಲರು ಕಾಯುತ್ತಿದ್ದರು, ಜೋಡಿಮೂಟೆ ಒಮ್ಮೆ ಕಿಟಕಿಯಲ್ಲಿ ಇಣುಕಿ, ಅವಸರ ಬೇಡವೆಂದು ಅವರಿಗೆ ಕೈ ತೋರಿಸಿದ. ಲಾಂಚಿನ ಅಂಚಿನಲ್ಲಿ ಗಂಡ ಮಂಡಿಯೂರಿ ಕೂತಿದ್ದ. ಮಾವ ಇನ್ನೊಮ್ಮೆ ಓದಿ, ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿಕೊಂಡರು.

"ಆವತ್ತೂ ಹೀಗೆ ಒಂದು ಮಾತು ಕೇಳಿದ್ದಿದ್ರೆ ಹೇಳ್ತಿದ್ದೆನಲ್ಲಮ್ಮ," ಎಂದರು.

"ಹೌದು ಮಾವ. ಕೇಳ್ಬೇಕಿತ್ತು," ಎಂದಳು ಅಕ್ಕ.

ಅವರು ಕನ್ನಡಕ ಹಾಕಿಕೊಂಡು, ಹೌದು ಎಂದು ಒತ್ತಿ, ಮುಂದಿನ ಚೀಟಿ ತೆಗೆದುಕೊಂಡರು.